ನಾಲ್ಕು ತಿಂಗಳು ಹತ್ತು ದಿನ

17 ಜನವರಿ 2007, ಬುಧವಾರ

ಅಂಗನವಾಡಿಯ ಹಳೆಯ ತೂಕದ ರಿಜಿಸ್ಟರಿನಲ್ಲಿ ಕೊನೆಯ ಹಾಳೆಗಳು ಖಾಲಿ ಉಳಿದಿದ್ದವು. ಅದರಲ್ಲಿ ಬರೆಯುತ್ತಿದ್ದೇನೆ. ಇಪ್ಪತ್ತೆರಡು ವರ್ಷ ಬ್ಯಾಡಗಿಯ ಕೂಸುಗಳ ತೂಕ ಬರೆದ ಕೈ ಇದು, ಸುಮ್ಮನಿರು ಅಂದರೆ ಇರುವುದಿಲ್ಲ. ಯಾರಿಗೂ ತೋರಿಸುವುದಕ್ಕಲ್ಲ.

ಹೋದ ಶುಕ್ರವಾರ ನನ್ನ ಗಂಡ ಇಸಾಕಸಾಬ ತೀರಿಕೊಂಡರು. ಮೆಣಸಿನಕಾಯಿ ಯಾರ್ಡಿನಲ್ಲಿ ಚೀಲದ ಬಾಯಿ ಹೊಲಿಯುತ್ತ ಕೂತವರು ಹಾಗೆಯೇ ಚೀಲಕ್ಕೆ ಒರಗಿದರಂತೆ. ನಿದ್ದೆ ಬಂದಿರಬೇಕೆಂದು ಹಮಾಲರು ಎಬ್ಬಿಸಲಿಲ್ಲ. ಕೈಯಲ್ಲಿ ದಬ್ಬಣ ಹಾಗೇ ಇತ್ತು, ಸುತಳಿ ಪೋಣಿಸಿದ್ದು. ಎಂಟು ಹೊಲಿಗೆ ಹಾಕಿದ್ದರು, ಇನ್ನು ನಾಲ್ಕು ಉಳಿದಿತ್ತು ಎಂದು ಎದುರು ಮನೆಯ ದಾದಾಪೀರ ಹೇಳಿದ. ಸೈಕಲ್ ರಿಪೇರಿ ಮಾಡುವವನು, ಇಂಥದ್ದನ್ನು ಎಣಿಸಿ ನೋಡುತ್ತಾನೆ.

ನಾನೀಗ ಇದ್ದತ್ ಕೂತಿದ್ದೇನೆ. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ. ಬಳೆ, ಹೂವು, ಅತ್ತರು ಯಾವುದೂ ಇಲ್ಲ. ಪರಗಂಡಸರ ಎದುರಿಗೆ ಬರುವಂತಿಲ್ಲ. ತಂದೆ, ಅಣ್ಣತಮ್ಮ, ಮಗ, ಇಂಥವರು ಮಾತ್ರ ಒಳಗೆ ಬರಬಹುದು. ನನಗೆ ತಂದೆ ಇಲ್ಲ, ಅಣ್ಣತಮ್ಮಂದಿರು ಇಲ್ಲ. ಇಷ್ಟು ವರ್ಷ ತಕ್ಕಡಿ ಹೊತ್ತು ಓಣಿ ಓಣಿ ತಿರುಗಿದವಳಿಗೆ ಈಗ ಬಾಗಿಲೇ ಊರಿನ ಕೊನೆ.

ಜೊತೆಗಿರಲು ಗುತ್ತಲದಿಂದ ಅವರ ಅಕ್ಕ ಬಿಬಿಜಾನಕ್ಕ ಬಂದಿದ್ದಾರೆ. ಬಂದವರೇ ಬಾಗಿಲಿಗೆ ಹಸಿರು ಚಾದರ ಕಟ್ಟಿದರು. ಸ್ವಲ್ಪ ಗಿಡ್ಡಾಯಿತು, ಇರಲಿ ಅಂದರು. ಈ ಸುಗ್ಗಿಯಲ್ಲಿ ಊರಿಗೆಲ್ಲ ಮೆಣಸಿನಕಾಯಿ ಘಾಟು. ಅವರು ದಿನವಿಡೀ ಸೀನುತ್ತಾರೆ. ನನಗೆ ಘಾಟೂ ಹತ್ತುತ್ತಿಲ್ಲ, ಅಳುವೂ ಬರುತ್ತಿಲ್ಲ. ಅಳದಿದ್ದರೆ ಎದೆಗೆ ಕೂಡುತ್ತದೆ ಎಂದು ಅವರಿಗೆ ಗಾಬರಿ.

ಇನ್ನೊಂದು. ಮಣ್ಣಿಗೆ ನಾವು ಸಾಕಿದ ಜಾಕೀರ ಬಂದಿದ್ದನಂತೆ. ಕಬರಸ್ಥಾನದಲ್ಲಿ ಕೊನೆಯ ಸಾಲಿನಲ್ಲಿ ನಿಂತು, ಮೂರು ಹಿಡಿ ಮಣ್ಣು ಹಾಕಿ, ಅಲ್ಲಿಂದಲೇ ರಾಣೇಬೆನ್ನೂರಿನ ಬಸ್ಸು ಹತ್ತಿದನಂತೆ.


21 ಜನವರಿ, ರವಿವಾರ

ದಾದಾಪೀರ ಪರದೆಯ ಹೊರಗೆ ನಿಂತು ಹೇಳಿದ. ಜಾಕೀರ ಅವನ ಮೊಬೈಲಿಗೆ ಫೋನ್ ಮಾಡಿದ್ದ. ಅವ್ವನನ್ನು ನೋಡಲು ಬರಲೇ ಎಂದು ಕೇಳಿದ್ದಾನೆ.

ಒಂಬತ್ತು ವರ್ಷವಾಯಿತು ಅವನು ಈ ಮನೆ ಬಿಟ್ಟು. ರಾಣೇಬೆನ್ನೂರಿನಲ್ಲಿ ಲಾರಿ ಓಡಿಸುತ್ತಾನೆ, ಮದುವೆಯಾಗಿದ್ದಾನೆ ಅಂತ ಕೇಳಿದ್ದೆ. ಬಸ್ಸಿನಲ್ಲಿ ಒಂದು ತಾಸಿನ ದಾರಿ. ಅವನು ಬರಲಿಲ್ಲ, ನಾನು ಕರೆಯಲಿಲ್ಲ.

ಬಿಬಿಜಾನಕ್ಕ ಮಸೀದಿಯ ಹಜರತರನ್ನೇ ಕರೆಸಿದರು. ಸಾಕಿದ ಮಗ, ಹೊಟ್ಟೆಯ ಮಗನಲ್ಲ, ಇದ್ದತ್ತಿನಲ್ಲಿ ಎದುರಿಗೆ ಬರಬಹುದೇ ಎಂದು ಕೇಳಿದರು. ಹಜರತರು ವಯಸ್ಸಾದವರು, ನಿಧಾನದವರು. ಹೊರಗೆ ಕಟ್ಟೆಯ ಮೇಲೆ ಕೂತು ನನ್ನನ್ನೇ ಕೇಳಿದರು.

“ಅಮ್ಮಾ, ಆ ಹುಡುಗ ಕೂಸಿದ್ದಾಗ ನೀವು ಎದಿ ಹಾಲು ಕೊಟ್ಟಿದ್ರೇನು? ಕೊಟ್ಟಿದ್ರ ಅಂವ ನಿಮ್ಮ ಹಾಲಿನ ಮಗ. ಹೊಟ್ಟಿ ಮಗ ಇದ್ದಂಗ, ಒಳಗ ಬರಾಕ ಏನೂ ಅಡ್ಡಿ ಇಲ್ಲ.”

ಬಿಬಿಜಾನಕ್ಕನೇ ಉತ್ತರ ಕೊಟ್ಟರು. ಆಡಿನ ಹಾಲಿನ ಮೇಲೆ ಬೆಳೆದ ಕೂಸು ಅದು, ಬಾಟಲಿ ತುಂಬಿ ಕೊಟ್ಟದ್ದು ನಾನೇ ಅಂದರು. ಹಜರತರು ಸ್ವಲ್ಪ ಹೊತ್ತು ಕಾದರು. ನಾನು ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದೆ. ಎರಡು ಕಲ್ಲು ಸಿಕ್ಕವು. ಹಾಗಾದರೆ ಇದ್ದತ್ ಮುಗಿಯುವವರೆಗೆ ತಡೆಯಲಿ, ಅದು ಮೇ ಇಪ್ಪತ್ತಕ್ಕೆ ಬರುತ್ತದೆ, ಚಂದ್ರ ನೋಡಿ ಒಂದು ದಿನ ಆ ಕಡೆ ಈ ಕಡೆ ಆದೀತು ಎಂದು ಹೇಳಿ ಎದ್ದರು.

ಫೋನಿನಲ್ಲಿ ಹೇಳಲು ದಾದಾಪೀರನಿಗೆ ಬಾಯಿ ಬರಲಿಲ್ಲ. ನೀವೇ ಬರೆದುಕೊಡಿ ಅಕ್ಕೋರ ಅಂದ. ಬರೆದುಕೊಟ್ಟೆ. ಇಲ್ಲಿ ನಕಲು ಇಟ್ಟಿದ್ದೇನೆ, ಅಭ್ಯಾಸ.

“ಜಾಕೀರನಿಗೆ. ನೀನು ಬರುವ ವಿಚಾರ ದಾದಾಪೀರನಿಂದ ತಿಳಿಯಿತು. ನಾನು ಇದ್ದತ್ತಿನಲ್ಲಿದ್ದೇನೆ. ನೀನು ಎದುರಿಗೆ ಬರುವಂತಿಲ್ಲ ಎಂದು ಹಜರತರು ಹೇಳಿದ್ದಾರೆ. ಮೇ 20ನೇ ತಾರೀಖು ರವಿವಾರ ಮುಗಿಯುತ್ತದೆ. ಬರುವುದನ್ನು ಅಲ್ಲಿಯವರೆಗೆ ಮುಂದಕ್ಕೆ ಹಾಕು. ಮಹಮೂದಾಬೇಗಂ.”

ಮೊದಲು ‘ಚಿರಂಜೀವಿ ಜಾಕೀರನಿಗೆ’ ಎಂದು ಬರೆದಿದ್ದೆ. ಆ ಹಾಳೆ ಹರಿದು ಬೇರೆ ಬರೆದೆ.


24 ಜನವರಿ

ಬುಧವಾರ. ಸಾರಿಗೆ ಉಪ್ಪು ಎರಡು ಸಲ ಬಿತ್ತು. ಬಿಬಿಜಾನಕ್ಕ ಉಣ್ಣದೆ ಬಿಟ್ಟರು. ನಾನು ಉಂಡೆ, ಗೊತ್ತಾಗಲಿಲ್ಲ.


28 ಜನವರಿ, ರವಿವಾರ

ರವಿವಾರ ಯಾರ್ಡಿಗೆ ರಜೆ. ಮಧ್ಯಾಹ್ನ ಊಟವಾದ ಮೇಲೆ ಅವರು ರಾಣೇಬೆನ್ನೂರಿಗೆ ಹೋಗುತ್ತಿದ್ದರು, ಸುತಳಿ ತರಲು. ಅಲ್ಲಿಯದು ಗಟ್ಟಿ ಅನ್ನುತ್ತಿದ್ದರು. ಸಂಜೆ ಒಂದು ಉಂಡೆ ಹಿಡಿದು ಬರುತ್ತಿದ್ದರು. ಇವತ್ತು ಅವರ ಅಂಗಿಗಳನ್ನು ಯಾರಿಗಾದರೂ ಕೊಡೋಣವೆಂದು ಟ್ರಂಕು ತೆಗೆದರೆ ತಳದ ತುಂಬ ಸುತಳಿ ಉಂಡೆಗಳು. ಒಂದನ್ನೂ ಬಿಚ್ಚಿಲ್ಲ. ಸುತಳಿಯನ್ನು ಯಾರ್ಡಿನ ಅಂಗಡಿಯವರೇ ಕೊಡುತ್ತಾರಲ್ಲ, ಇವನು ಯಾಕೆ ಕೊಂಡ ಅಂದರು ಬಿಬಿಜಾನಕ್ಕ. ನನಗೇನು ಗೊತ್ತು. ಟ್ರಂಕು ಮುಚ್ಚಿದೆ.

ಒಂಬತ್ತು ವರ್ಷದ ಹಿಂದಿನದನ್ನೂ ಒಮ್ಮೆ ಬರೆದುಬಿಡುತ್ತೇನೆ, ತಲೆಯಲ್ಲಿ ತಿರುಗುವುದಾದರೂ ನಿಂತೀತು.

ತೊಂಬತ್ತೆಂಟರಲ್ಲಿ ಹಮಾಲರು ಕೆಲಸ ನಿಲ್ಲಿಸಿದ್ದರು. ಜಾಕೀರನಿಗೆ ಆಗ ಹತ್ತೊಂಬತ್ತು, ಅವರ ಗುಂಪಿನಲ್ಲಿ ಮುಂದೆ ಇದ್ದ. ಮೂರನೇ ದಿನ ಮೋಡ ಹಾಕಿತು. ನನ್ನವರು ಮೂವತ್ತು ವರ್ಷ ಹೊಲಿದ ಅಂಗಡಿಯ ಮುಂದೆ ಮೆಣಸಿನಕಾಯಿ ಬಾಯಿ ತೆರೆದ ಚೀಲಗಳಲ್ಲಿ ಬಿದ್ದಿತ್ತು. ನೆನೆದು ಹೋಗುತ್ತದೆ ಎಂದು ಇವರು ಹೋಗಿ ಹೊಲಿಯಲು ಕೂತರು. ಎಲ್ಲರೂ ನಿಂತಿರುವಾಗ ನನ್ನಪ್ಪನೇ ಕೂತನಲ್ಲ ಎಂದು ಜಾಕೀರ ಹೋಗಿ ದಬ್ಬಣ ಕಸಿದ. ಇವರು ಬಿಡಲಿಲ್ಲ. ಜಗ್ಗಾಟದಲ್ಲಿ ಅದು ಇವರ ಅಂಗೈ ಹಾಯ್ದು ಆಚೆ ಬಂತು. ಆ ಬಲಗೈಯ ಎರಡು ಬೆರಳು ಮುಂದೆ ಎಂದೂ ಪೂರ್ತಿ ಮಡಚಲಿಲ್ಲ.

ಸಂಜೆ ಅವನು ಮನೆಗೆ ಬಂದ. ತಪ್ಪಾಯಿತು ಅನ್ನಲೇ ಬಂದಿದ್ದ, ಮುಖ ನೋಡಿದರೆ ತಿಳಿಯುತ್ತಿತ್ತು. ನಾನು ಬಾಗಿಲಲ್ಲೇ ತಡೆದೆ. “ನನ್ನ ಹೊಟ್ಯಾಗ ಹುಟ್ಟಿದ್ರ ನೀ ಹಿಂಗ ಮಾಡ್ತಿದ್ದಿಲ್ಲ” ಅಂದೆ. ಅವನು ಸಾಕಿದ ಮಗನೆಂದು ಓಣಿಗೆಲ್ಲ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ನನ್ನ ಬಾಯಿಂದ ಮಾತ್ರ ಎಂದೂ ಬಂದಿರಲಿಲ್ಲ. ಅವನು ಚಪ್ಪಲಿ ಬಿಡುತ್ತಿದ್ದವನು ಮತ್ತೆ ಮೆಟ್ಟಿಕೊಂಡ.

ತಲೆಯಲ್ಲಿ ತಿರುಗುವುದು ನಿಲ್ಲಲಿಲ್ಲ. ಹಾಳೆ ದಂಡ.


2 ಫೆಬ್ರವರಿ, ಶುಕ್ರವಾರ

ದಾದಾಪೀರ ಸೈಕಲ್ ಸಾಮಾನು ತರಲು ರಾಣೇಬೆನ್ನೂರಿಗೆ ಹೋಗಿದ್ದ. ಚೀಟಿಯನ್ನು ಜಾಕೀರನ ಕೈಗೇ ಕೊಟ್ಟನಂತೆ. ಅವನು ಎರಡು ಸಲ ಓದಿ, ಮಡಚಿ, ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ. ಆಮೇಲೆ ಅಂದದ್ದು ಇಷ್ಟು: “ಆತು. ಅವ್ವ ಹೇಳಿದಂಗ ಆಗಲಿ.”

ದಾದಾಪೀರ ಹೋಗಲೊಲ್ಲದೆ ಹೊರಗೆ ನಿಂತೇ ಇದ್ದ. ಇನ್ನೇನು ಎಂದು ಕೇಳಿದೆ. ಜಾಕೀರನಿಗೆ ಸೌದಿಯಲ್ಲಿ ಡ್ರೈವರ್ ಕೆಲಸ ಸಿಕ್ಕಿದೆ. ವೀಸಾ ಬಂದಿದೆ. ಇದೇ ತಿಂಗಳು ಇಪ್ಪತ್ತೆರಡಕ್ಕೆ ಮುಂಬೈಗೆ ಹೊರಡುತ್ತಾನೆ. ಎರಡು ವರ್ಷ ಮುಗಿಯುವವರೆಗೆ ರಜೆ ಇಲ್ಲ. ಹೋಗುವ ಮೊದಲು ನೋಡಬೇಕೆಂದೇ ಕೇಳಿದ್ದನಂತೆ. ಇದನ್ನು ಅವ್ವನಿಗೆ ಹೇಳಬೇಡ, ಸುಮ್ಮನೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ ಅಂದಿದ್ದನಂತೆ.

ಅಂದರೆ ಮೇ ಇಪ್ಪತ್ತಕ್ಕೆ ಅವನು ಇಲ್ಲಿ ಇರುವುದಿಲ್ಲ.

ಬಿಬಿಜಾನಕ್ಕ ನಿಟ್ಟುಸಿರು ಬಿಟ್ಟರು. ಏನು ಮಾಡುವುದು, ಕಟ್ಟಳೆ ಕಟ್ಟಳೆಯೇ ಅಂದರು. ಹೌದು ಅಂದೆ. ಹಿಟ್ಟು ನಾದಿಟ್ಟಿದ್ದೆ, ಹತ್ತು ರೊಟ್ಟಿ ಬಡಿದೆ. ಇಬ್ಬರೇ ಇದ್ದೇವೆ, ಹತ್ತು ಯಾಕೆ ಬಡಿದೆನೋ.


9 ಫೆಬ್ರವರಿ, ಶುಕ್ರವಾರ

ಅವರು ಹೋಗಿ ನಾಲ್ಕು ವಾರ.

ಇಪ್ಪತ್ತೆರಡು ವರ್ಷ ನಾನು ಯಾವ ಕೂಸಿನ ತೂಕವನ್ನೂ ಸುಳ್ಳು ಬರೆದವಳಲ್ಲ. ಮೇಲಿನವರು ಹೆಚ್ಚು ಬರೆಯಿರಿ ಅಂದಾಗಲೂ ಬರೆಯಲಿಲ್ಲ. ಇದೇ ರಿಜಿಸ್ಟರಿನಲ್ಲಿ ಹೋದ ತಿಂಗಳು ‘ನೀನು ಎದುರಿಗೆ ಬರುವಂತಿಲ್ಲ’ ಎಂದು ಬರೆದಿದ್ದೇನೆ. ಅದು ಸುಳ್ಳು.

ಎಪ್ಪತ್ತೊಂಬತ್ತರಲ್ಲಿ ನನ್ನ ಹೆಣ್ಣುಕೂಸು ಹನ್ನೊಂದು ದಿನಕ್ಕೆ ಹೋಯಿತು. ಎದೆ ಹಾಲಿನಿಂದ ಕಲ್ಲಾಗಿತ್ತು. ಅದೇ ವಾರ ಇವರ ಜೊತೆ ಚೀಲ ಹೊಲಿಯುವವನೊಬ್ಬನ ಹೆಂಡತಿ ಹೆರಿಗೆಯಲ್ಲಿ ಸತ್ತಳು. ಇವರು ಆ ಗಂಡುಕೂಸನ್ನು ಮನೆಗೆ ತಂದರು. ಅದರ ಅಪ್ಪ ಮುಂದೆ ಬೇರೆ ಮದುವೆಯಾಗಿ ಸೊಲ್ಲಾಪುರದ ಕಡೆ ಹೋದ, ತಿರುಗಿ ಕೇಳಲಿಲ್ಲ. ಕೂಸು ಸತ್ತವಳ ಹಾಲು ಇನ್ನೊಂದು ಕೂಸಿಗೆ ತಾಗುತ್ತದೆ, ಎದೆಗೆ ಹಾಕಬೇಡ ಎಂದು ಬಿಬಿಜಾನಕ್ಕ ಹೇಳಿದರು. ಅವರು ಆಗ ನಮ್ಮ ಜೊತೆಯೇ ಇದ್ದರು, ಮನೆಗೆ ಹಿರಿಯರು. ಆಡಿನ ಹಾಲು ಕಾಯಿಸಿ ಬಾಟಲಿಗೆ ಹಾಕಿದರು.

ಬಾಟಲಿ ಅದಕ್ಕೆ ಒಗ್ಗಲಿಲ್ಲ. ಮೂರನೇ ದಿನ ಹಿಂದಿನ ಕಟ್ಟಿಗೆ ಕೋಣೆಯಲ್ಲಿ ನಾನು ಎದೆಗೆ ಹಾಕಿಕೊಂಡೆ. ಆಮೇಲೆ ದಿನಾ. ಇವರು ಬಾಗಿಲಲ್ಲಿ ಚೀಲ ಹೊಲಿಯುವ ನೆವ ಮಾಡಿ ಕಾವಲು ಕೂರುತ್ತಿದ್ದರು. ಅಕ್ಕ ಬರುವುದು ಕಂಡರೆ ಕೆಮ್ಮುತ್ತಿದ್ದರು. ಹೀಗೆ ಹದಿನಾಲ್ಕು ತಿಂಗಳು. ನಮ್ಮಿಬ್ಬರಿಗೇ ಗೊತ್ತಿದ್ದ ಮಾತು. ಅವರು ಹೋದರು, ಈಗ ನನಗೊಬ್ಬಳಿಗೇ ಗೊತ್ತು.

ಹಜರತರು ಕೇಳಿದಾಗ ಹೌದು ಅಂದಿದ್ದರೆ ಮುಗಿದಿತ್ತು. ಯಾಕೆ ಅನ್ನಲಿಲ್ಲ ಎಂದು ನನ್ನನ್ನೇ ಕೇಳಿಕೊಂಡೆ. ಬಿಬಿಜಾನಕ್ಕನ ಅಂಜಿಕೆಯಲ್ಲ, ನಲವತ್ತೆಂಟು ವರ್ಷದವಳಿಗೆ ಏನು ಅಂಜಿಕೆ. ಆ ಕೈಯಲ್ಲಿ ಅವರು ಒಂಬತ್ತು ವರ್ಷ ತುತ್ತು ಕಲಸಲು ಒದ್ದಾಡಿದ್ದನ್ನು ದಿನಕ್ಕೆ ಎರಡು ಸಲ ನೋಡಿದವಳು ನಾನು. ಅವನು ಬರಲಿ ಅನ್ನಲು ನಾಲಿಗೆ ಏಳಲಿಲ್ಲ. ಬೇಡ ಅನ್ನಲೂ ಏಳಲಿಲ್ಲ. ಕಟ್ಟಳೆ ಸಿಕ್ಕಿತು, ಅದರ ಹಿಂದೆ ಕೂತೆ.

ಇನ್ನೂ ಹದಿಮೂರು ದಿನ ಇದೆ. ನಾಳೆ ಬಿಬಿಜಾನಕ್ಕನಿಗೆ ಹೇಳುತ್ತೇನೆ.


10 ಫೆಬ್ರವರಿ

ಹೇಳಲಿಲ್ಲ.


14 ಫೆಬ್ರವರಿ, ಬುಧವಾರ

ಓಣಿಯ ಮರಿಯವ್ವ ಬಂದು ಕೂತಿದ್ದಳು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದವಳು, ಸೆರಗಿನಲ್ಲೂ ಘಾಟು. ಬಿಬಿಜಾನಕ್ಕ ಸೀನಿ ಸೀನಿ ಹಿತ್ತಲಿಗೆ ಓಡಿದರು. ಜಾಕೀರ ಸೌದಿಗೆ ಹೋಗುವ ಸುದ್ದಿ ಆಕೆಗೂ ಮುಟ್ಟಿದೆ. ಪಾಪ, ನೀವೇ ಹೊತ್ತು ತಿರುಗಿದ ಕೂಸು, ಮುಖ ನೋಡದೆ ಹೋಗಬೇಕಾಯಿತಲ್ಲ, ನಿಮ್ಮ ಕಟ್ಟಳೆ ಬಲು ಬಿಗಿ ಅಂದಳು. ಹೌದವ್ವ ಬಿಗಿ ಅಂದೆ.

ನನ್ನ ಸುಳ್ಳಿಗೆ ದೀನಿನ, ನಮ್ಮ ಧರ್ಮದ, ಹೆಸರು ಕೆಡುತ್ತಿದೆ. ಇದೂ ನನ್ನ ಲೆಕ್ಕಕ್ಕೇ.


19 ಫೆಬ್ರವರಿ, ಸೋಮವಾರ

ಬಂದಿದ್ದ.

ಪೇಟೆಯ ದಿನ, ಓಣಿಯ ಬಾಯಿಯವರೆಗೂ ಚೀಲದ ಗಾಡಿಗಳು. ಹನ್ನೊಂದರ ಸುಮಾರಿಗೆ ಹೊರಗೆ ಯಾರೋ ಕೆಮ್ಮಿದರು. ಥೇಟ್ ಅವರ ಕೆಮ್ಮು. ಬಿಬಿಜಾನಕ್ಕ ಪರದೆ ಸರಿಸಿ ನೋಡಿ, ಒಳಗೆ ಬರುವಂತಿಲ್ಲಪ್ಪ ಅಂದರು. ಗೊತ್ತು ಅತ್ತೀ, ನಾನು ಕಟ್ಟೆಯ ಮೇಲೇ ಕೂರುತ್ತೇನೆ ಅಂದ.

ನಾನು ಎದ್ದು ಪರದೆಯ ಈ ಕಡೆ ಬಂದು ನಿಂತೆ.

“ಅವ್ವಾ, ಆರಾಮ ಅದೀಯೇನು?”

“ಅದೇನಿ.”

“ಗುರುವಾರ ಹೊಂಟೇನಿ.”

“ದಾದಾಪೀರ ಹೇಳ್ಯಾನ.”

ದನಿ ದಪ್ಪವಾಗಿದೆ. ಹೋಗುವಾಗ ಇನ್ನೂ ಹುಡುಗನ ದನಿ ಇತ್ತು. ಬಿಬಿಜಾನಕ್ಕನೇ ಒಲೆಯ ಹತ್ತಿರದಿಂದ ಎಷ್ಟು ಮಕ್ಕಳು, ಹೆಂಡತಿ ಯಾವ ಊರಿನವಳು ಎಂದೆಲ್ಲ ಕೇಳಿದರು. ಹೆಂಡತಿ ಅಲ್ಮಾಸ, ಅಗಡಿಯವಳು. ಒಂದು ಹೆಣ್ಣುಕೂಸು, ಆರು ತಿಂಗಳದ್ದು. ತೂಕ ಎಷ್ಟು ಎಂದು ಬಾಯಿಗೆ ಬಂತು, ಕೇಳಲಿಲ್ಲ.

ಚಹಾ ನಾನೇ ತೆಗೆದುಕೊಂಡು ಪರದೆಯ ಪಕ್ಕದಿಂದ ಹೊರಗೆ ಹಿಡಿದೆ. ಅವನ ಕೈ ಬಂತು. ಹೆಬ್ಬೆರಳಿನ ಉಗುರು ನಡುವೆ ಸೀಳಿದ್ದು ಹಾಗೇ ಇದೆ. ಏಳು ವರ್ಷದವನಿದ್ದಾಗ ಅಪ್ಪನ ದಬ್ಬಣ ಹಿಡಿದು ತಾನೂ ಹೊಲಿಯಲು ಹೋಗಿ ಚುಚ್ಚಿಕೊಂಡದ್ದು. ಆ ಉಗುರು ಬರುವವರೆಗೆ ಎರಡು ತಿಂಗಳು ನಾನೇ ಉಣಿಸಿದ್ದೆ. ಕಪ್ಪು ತೆಗೆದುಕೊಂಡು ಕೈ ಹೋಯಿತು.

ಅವನು ಕೂತ, ನಾನು ನಿಂತೆ. ಗಾಡಿಗಳು ಹೋದವು. ನಡುವೆ ಒಮ್ಮೆ, ಹೋಗಿ ಬರಲೇ ಅವ್ವಾ ಎಂದು ಕೇಳಿದ. ನಾನು ಸುಮ್ಮನಿದ್ದೆ. ಅವನೂ ಏಳಲಿಲ್ಲ. ಎರಡು ಕಾಲೂ ಜೋಮು ಹಿಡಿದವು, ಆದರೂ ಕೂರಲಿಲ್ಲ. ‘ಒಳಗ ಬಾ’ ಎರಡೇ ಮಾತು. ಅಂಗನವಾಡಿಯಲ್ಲಿ ಊರ ಮಕ್ಕಳಿಗೆ ದಿನಕ್ಕೆ ನೂರು ಸಲ ಅಂದಿದ್ದೇನೆ.

ಮಧ್ಯಾಹ್ನದ ಅಜಾನ್ ಆಯಿತು. ಅವನು ಎದ್ದ ಸಪ್ಪಳ ಕೇಳಿಸಿತು.

“ಹೋಗಿ ಬರ್ಲೇನವ್ವಾ?”

“ಹೋಗಿ ಬಾ.”

ಕಪ್ಪನ್ನು ತೊಳೆದು ಇಟ್ಟುಹೋಗಿದ್ದಾನೆ. ಹೊರಗಿನ ನಳದಲ್ಲಿ ತೊಳೆದನೆಂದು ಕಾಣುತ್ತದೆ. ಚಿಕ್ಕಂದಿನಿಂದಲೂ ಹಾಗೆಯೇ.


22 ಫೆಬ್ರವರಿ

ಇವತ್ತು ಹೋದ.


13 ಮಾರ್ಚ್, ಮಂಗಳವಾರ

ಬಹಳ ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಆಗಲಿಲ್ಲ. ಗ್ಯಾಸ್ ಮುಗಿದು ಮೂರು ದಿನ ಕಟ್ಟಿಗೆ ಒಲೆ. ಕಟ್ಟಿಗೆ ತರಲು ಹಿಂದಿನ ಕೋಣೆಗೆ ಹೋದವಳು ಅಲ್ಲೇ ಕೂತುಬಿಟ್ಟೆನಂತೆ. ಬಿಬಿಜಾನಕ್ಕ ಕರೆದು ಕರೆದು ಕೊನೆಗೆ ಹುಡುಕಿಕೊಂಡು ಬಂದರು. ಬೆಳಿಗ್ಗೆ ಕೈ ಸುಟ್ಟುಕೊಂಡದ್ದೂ ಸಂಜೆ ಬೊಬ್ಬೆ ಬಂದ ಮೇಲೆ ಕಂಡಿತು.


8 ಏಪ್ರಿಲ್, ರವಿವಾರ

ಅಲ್ಮಾಸ ಬಂದಿದ್ದಳು, ಕೂಸನ್ನು ಎತ್ತಿಕೊಂಡು. ಹೆಂಗಸರಿಗೆ ಬರಲು ಯಾರ ಅಡ್ಡಿಯೂ ಇಲ್ಲ. ತೆಳ್ಳಗೆ, ಕಪ್ಪಗೆ, ಬಾಯಿ ಬಲು ಚುರುಕು. ಕಟ್ಟೆ ಹತ್ತುವ ಮೊದಲೇ ನೀರು ಕೊಡ್ರಿ ಅತ್ತೀ, ಬಸ್ಸಿನಲ್ಲಿ ಒಣಗಿಹೋದೆ ಅಂದಳು. ಕೂಸನ್ನು ನನ್ನ ತೊಡೆಯ ಮೇಲೆ ಇಟ್ಟಳು. ಏಳು ಕಿಲೋ ಮೇಲೆ ಇನ್ನೂರು ಗ್ರಾಂ ಇದ್ದೀತು. ಎಂಟು ತಿಂಗಳಿಗೆ ಅಡ್ಡಿಯಿಲ್ಲ.

ಬ್ಯಾಗಿನಿಂದ ಒಂದು ಸುತಳಿ ಉಂಡೆ ತೆಗೆದಳು. ಮಾವ ಕಡೆಯ ರವಿವಾರ ಮರೆತುಹೋದದ್ದು, ನಿಮ್ಮಲ್ಲಿ ಇರಲಿ ಎಂದು ತಂದೆ ಅಂದಳು.

ನನಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಅವಳಿಗೆ ನನಗೆ ಗೊತ್ತಿಲ್ಲವೆಂಬುದು ತಿಳಿಯಲಿಲ್ಲ, ಹೇಳುತ್ತ ಹೋದಳು. ಒಂಬತ್ತು ವರ್ಷ ಪ್ರತಿ ರವಿವಾರ ಇವರು ಮಗನ ಮನೆಗೆ ಹೋಗುತ್ತಿದ್ದರು. ಆ ಕೈಯನ್ನು ಜಾಕೀರ ಎಣ್ಣೆ ಹಚ್ಚಿ ತಿಕ್ಕುತ್ತಿದ್ದನಂತೆ, ಒಂದೊಂದೇ ಬೆರಳು ಮಡಚಿ ಬಿಡಿಸುತ್ತಿದ್ದನಂತೆ. ಬರುವಾಗ ಸ್ಟ್ಯಾಂಡಿನ ಹತ್ತಿರ ಸುತಳಿ ಕೊಳ್ಳುತ್ತಿದ್ದರು, ನನಗೆ ತೋರಿಸಲು. ಕಟ್ಟಿಗೆ ಕೋಣೆಯ ಬಾಗಿಲಲ್ಲಿ ಕೂತು ಕೆಮ್ಮಿದ ಮನುಷ್ಯ, ಇಷ್ಟಾದರೂ ಮಾಡುತ್ತಾರೆಂದು ನಾನು ತಿಳಿಯಬೇಕಿತ್ತು. ಅವರು ಕ್ಷಮಿಸಿ ಮುಗಿಸಿದ್ದ ಸಿಟ್ಟನ್ನು ನಾನು ಅವರ ಹೆಸರಿನಲ್ಲಿ ಕಾಯುತ್ತ ಕೂತಿದ್ದೆ. ಬಹಳ ಸಿಟ್ಟು ಬಂತು, ಅವರ ಮೇಲೆ. ಬೈಯಬೇಕೆಂದರೆ ಮನುಷ್ಯನೇ ಇಲ್ಲ.

ಕೂಸು ರಚ್ಚೆ ಹಿಡಿಯಿತು. ಅಲ್ಮಾಸ ಗೋಡೆಯ ಕಡೆ ತಿರುಗಿ ಎದೆಗೆ ಹಾಕಿಕೊಂಡಳು. ಬಿಬಿಜಾನಕ್ಕ ನೋಡಿ ನಕ್ಕು, ಇದರ ಅಪ್ಪನಿಗೆ ಇದೂ ಸಿಗಲಿಲ್ಲ, ನಾನೇ ಆಡಿನ ಹಾಲು ಹಾಕಿ ಉಳಿಸಿದೆ ಎಂದು ಶುರು ಮಾಡಿದರು.

“ಇಲ್ಲ ಅಕ್ಕ,” ಅಂದೆ. “ನಾ ಕುಡಿಸೇನಿ. ಕಟಗಿ ಕ್ವಾಣ್ಯಾಗ. ಹದಿನಾಲ್ಕು ತಿಂಗಳು. ಅಂವ ನನ್ನ ಹಾಲಿನ ಮಗ.”

ಇಷ್ಟೇ. ಮನೆ ಬೀಳಲಿಲ್ಲ. ಕೂಸು ಕುಡಿಯುವ ಸಪ್ಪಳ ಒಂದೇ ಕೇಳುತ್ತಿತ್ತು. ಬಿಬಿಜಾನಕ್ಕ ನನ್ನನ್ನೇ ನೋಡಿದರು. ಹಂಗಾರೆ ಅವತ್ತು ಹಜರತ್ ಕೇಳಿದಾಗ, ಎಂದು ಅಲ್ಲಿಗೇ ನಿಲ್ಲಿಸಿದರು. ಹೌದು ಅಂದೆ. ಹಂಗಾರೆ ಅವನು ಕಟ್ಟೆಯ ಮೇಲೆ ಕೂತಾಗ ಅಂದರು. ಅದಕ್ಕೂ ಹೌದು ಅಂದೆ. ಅವರು ಎದ್ದು ಹಿತ್ತಲಿಗೆ ಹೋದರು. ಸುಗ್ಗಿ ತೀರುತ್ತ ಬಂದು ಘಾಟು ಇಳಿದಿದೆ, ಆದರೂ ಮೂಗು ಒರೆಸಿಕೊಳ್ಳುತ್ತ ಬಂದರು.

ಅಲ್ಮಾಸ ಇವತ್ತೇ ಜಾಕೀರನಿಗೆ ಹೇಳುತ್ತೇನೆ ಅಂದಳು. ಬೇಡ, ನಾನೇ ಹೇಳುತ್ತೇನೆ, ಇದ್ದತ್ ಮುಗಿದ ದಿನ ಫೋನ್ ತೆಗೆದುಕೊಂಡು ಬಾ ಅಂದೆ. ಅವಳು ನನ್ನ ಮುಖ ನೋಡಿದಳು. ಇದನ್ನೂ ಮುಂದಕ್ಕೆ ಹಾಕಿದೆ ಎಂದು ಆಮೇಲೆ ಹೊಳೆಯಿತು.


10 ಏಪ್ರಿಲ್, ಮಂಗಳವಾರ

ಎರಡು ದಿನ ಮಾತಿಲ್ಲದೆ ಇದ್ದ ಬಿಬಿಜಾನಕ್ಕ ಇವತ್ತು ರೊಟ್ಟಿ ಬಡಿಯುತ್ತ, ಹದಿನಾಲ್ಕು ತಿಂಗಳು ನನ್ನ ಕಣ್ಣಿಗೆ ಮಣ್ಣು ಹಾಕಿದಿರಲ್ಲ ಇಬ್ಬರೂ ಕೂಡಿ ಅಂದರು. ಬಾಟಲಿಯ ಹಾಲು ಏನು ಮಾಡುತ್ತಿದ್ದಿರಿ ಎಂದೂ ಕೇಳಿದರು. ನಿಮ್ಮ ತಮ್ಮ ಕುಡಿಯುತ್ತಿದ್ದರು ಅಂದೆ. ಅವರಿಗೆ ನಗು ಬಂತು. ನನಗೂ ಬಂತು. ನಕ್ಕರೆ ಪಕ್ಕೆ ನೋಯುತ್ತದೆ.

ಮಾತು ನಾನೇ ಹುಟ್ಟಿಸಿದ್ದು, ಹಾಲು ತಾಗುತ್ತದೆ ಅಂತ, ಎಂದು ಆಮೇಲೆ ಮೆಲ್ಲಗೆ ಅಂದರು. ಹಜರತರಿಗೆ ತಾವೇ ಹೇಳಿ ಕಳಿಸಿದರು.


20 ಮೇ 2007, ರವಿವಾರ

ಮುಗಿಯಿತು. ಬೆಳಿಗ್ಗೆ ಮಿಂದು ಬಿಳಿ ಸೀರೆ ಬಿಟ್ಟು ಕಂದು ಸೀರೆ ಉಟ್ಟೆ. ಹಜರತರು ಬಂದು ದುವಾ ಮಾಡಿ ಹೋದರು. ಹಾಲಿನ ಮಾತು ಎತ್ತಲಿಲ್ಲ, ದೊಡ್ಡವರು. ಅಲ್ಮಾಸ ಹತ್ತಕ್ಕೇ ಬಂದಳು. ಮೊಬೈಲನ್ನು ನನ್ನ ಮುಂದೆ ಮಣೆಯ ಮೇಲೆ ಇಟ್ಟಳು. ನಾನು ಬರ ಹೇಳಿದ್ದ ದಿನ ಇದು. ಇದನ್ನು ನೆನೆದು ಹೆಸರುಬೇಳೆ ಪಾಯಸ ಮಾಡಿದ್ದೆ, ಅವನಿಗೆ ಸೇರುತ್ತದೆ. ಯಾರಿಗೆಂದು ಬಿಬಿಜಾನಕ್ಕ ಕೇಳಲಿಲ್ಲ.

ಒಂದೂವರೆಗೆ ಫೋನ್ ಬಂತು. ದನಿ ದೂರ, ಗಾಳಿಯಲ್ಲಿ ಮಾತಾಡಿದ ಹಾಗೆ. ಅವ್ವಾ, ಇವತ್ತು ಮುಗೀತಲ್ಲ ಅಂದ. ತಾರೀಖು ನೆನಪಿಟ್ಟಿದ್ದಾನೆ. ಹೇಗಿದ್ದೀ, ಏನು ಉಣ್ಣುತ್ತೀ ಎಂದು ಕೇಳುತ್ತ ಹೋದರೆ ಫೋನ್ ಕಟ್ಟಾಗುತ್ತದೆ ಎಂದು ಹೆದರಿ ಒಮ್ಮೆಲೇ ಹೇಳಿದೆ.

“ಜಾಕೀರಾ, ಕೇಳಿಲ್ಲಿ. ನಾ ನಿನಗ ಎದಿ ಹಾಲು ಕುಡಿಸೇನಿ. ಅವತ್ತು ನೀ ಒಳಗ ಬರಬಹುದಿತ್ತು. ನಾ ಸುಳ್ಳು ಬರದೆ.”

ಕಟ್ಟಾಯಿತೇ ಎಂದು ಅಲ್ಮಾಸನ ಮುಖ ನೋಡಿದೆ.

“ಗೊತ್ತಿತ್ತವ್ವಾ,” ಅಂದ. “ಮನಿ ಬಿಟ್ಟ ವರ್ಷನ ಅಪ್ಪ ಹೇಳಿದ್ದ.”

ಒಂಬತ್ತು ವರ್ಷದಿಂದ ಗೊತ್ತು. ನನ್ನ ಚೀಟಿಯನ್ನು ಎರಡು ಸಲ ಓದಿ ಕಿಸೆಯಲ್ಲಿ ಇಟ್ಟುಕೊಂಡಾಗಲೂ ಗೊತ್ತು.

“ಗೊತ್ತಿದ್ದೂ ಹೊರಗ ಯಾಕ ಕುಂತಿ?”

“ನೀ ಕರೀಲಿಲ್ಲಲ್ಲವ್ವಾ.”

ಬಯ್ಯುವ ದನಿಯಲ್ಲ. ನಳದಲ್ಲಿ ನೀರು ಬರಲಿಲ್ಲ ಅನ್ನುವ ಹಾಗೆ ಅಂದ. ಬಾ ಅಂದೆ. ಒಳಗ ಬಾ ಅಂದೆ. ಎರಡು ವರ್ಷ ಆಗುತ್ತದೆ ಅವ್ವಾ ಅಂದ. ಆಗಲಿ, ಬಾ ಅಂದೆ. ಫೋನ್ ಕಟ್ಟಾಯಿತು.

ಆಮೇಲೆ ನಾನು ಎದ್ದು ಪರದೆ ಸರಿಸಿ ಹೊಸ್ತಿಲು ದಾಟಿದೆ. ಓಣಿಯಲ್ಲಿ ಯಾರೂ ಇರಲಿಲ್ಲ. ದಾದಾಪೀರನ ಅಂಗಡಿ ಮುಚ್ಚಿತ್ತು. ಕಟ್ಟೆಯ ಮೇಲೆ ಕೂತೆ, ಅವನು ಕೂತಿದ್ದ ಜಾಗದಲ್ಲಿ. ಕಲ್ಲು ಬಿಸಿಲಿಗೆ ಕಾದಿತ್ತು, ಕೂತ ತಕ್ಷಣ ಗೊತ್ತಾಯಿತು.

ಒಳಗೆ ಹೊರಳಿ ನೋಡಿದೆ. ನಾನೆಲ್ಲಿ ಹೋದೆನೆಂದು ಬಿಬಿಜಾನಕ್ಕ ಬಾಗಿಲ ಹತ್ತಿರ ಬಂದು ನಿಂತಿದ್ದರು. ಚಾದರ ನೆಲಕ್ಕೆ ಮುಟ್ಟುವುದಿಲ್ಲ, ಒಂದು ಗೇಣು ಗಿಡ್ಡ. ಅದರ ಕೆಳಗೆ ಅವರ ಎರಡು ಪಾದ ಸ್ಪಷ್ಟ ಕಾಣುತ್ತಿದ್ದವು. ಹಿಮ್ಮಡಿಯ ಬಿರುಕೂ ಕಾಣುತ್ತಿತ್ತು.

ಅವತ್ತು ಹನ್ನೊಂದರಿಂದ ಅಜಾನ್ ಆಗುವವರೆಗೆ ನಾನು ಅಲ್ಲೇ ನಿಂತಿದ್ದೆ.

ಕಟ್ಟೆಯ ಮೇಲೆ ಕೂತು ಅತ್ತೆ. ಅಲ್ಮಾಸ ಕೂಸನ್ನು ಎತ್ತಿಕೊಂಡು ಹೊರಗೆ ಬಂದಳು. ಕೂಸನ್ನು ಇಲ್ಲಿ ಕೊಡು, ನೀನು ಒಳಗೆ ಹೋಗಿ ಆ ಚಾದರ ಬಿಚ್ಚು ಅಂದೆ.